ಎಕ್ಸ್‌ಪಿ ವಿಂಡೋಗೆ ನಿಮ್ಮದೇ ಅಂಚು: ಎಂಎಸ್‌ಸ್ಟೈಲ್ಸ್ ಕಡತ ತಿದ್ದುವ ಬಗೆ

ವಿಂಡೋಸ್ ಎಕ್ಸ್‌ಪಿಯ ನೀಲಿ ಅಂಚು ಒಂದು ಚಿತ್ರಗಳ ಕಟ್ಟು, ಅಷ್ಟೇ. ಟೈಟಲ್ ಬಾರ್‌ಗೊಂದು ಚಿತ್ರ, ಎಡ ಬಲಕ್ಕೊಂದೊಂದು, ಕೆಳಕ್ಕೊಂದು, ಗುಂಡಿಗಳಿಗೆ ಇನ್ನೊಂದಿಷ್ಟು. ಇವೆಲ್ಲ ಲೂನಾ ಡಾಟ್ ಎಂಎಸ್‌ಸ್ಟೈಲ್ಸ್ ಎಂಬ ಒಂದೇ ಕಡತದೊಳಗೆ ಕೂತಿವೆ. ಲೂನಾ ಎಂದರೆ ಎಕ್ಸ್‌ಪಿಯೊಂದಿಗೇ ಬರುವ ಮೂಲ ಥೀಮ್, ಅಂದರೆ ವಿಂಡೋಗಳ ನೋಟ. ಆ ಚಿತ್ರಗಳನ್ನು ಬದಲಿಸಿದರೆ ಅಂಚು ಬದಲಾಗುತ್ತದೆ. ಹಾಗಿದ್ದೂ ಮೊದಲ ಪ್ರಯತ್ನ ಕೆಡುವುದೇ ಹೆಚ್ಚು. ಕೆಡುವುದು ಚಿತ್ರ ಬರೆಯಲು ಬಾರದ್ದರಿಂದಲ್ಲ, ಅಳತೆ ತಪ್ಪಿದ್ದರಿಂದ. ಆದ್ದರಿಂದ ಕುಂಚಕ್ಕಿಂತ ಮೊದಲು ಲೆಕ್ಕ.

ಇಲ್ಲಿ ಕನ್ನಡದಲ್ಲಿ ಬರೆದಿರುವ ಕಡತ, ಫೋಲ್ಡರ್, ಮೆನುಗಳ ಹೆಸರೆಲ್ಲ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ. ಉಚ್ಚಾರ ನೋಡಿ ಗುರುತು ಹಿಡಿಯಿರಿ.

ಎಲ್ಲಿ ಮಾಡಬೇಕು

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಅಂದಮೇಲೆ ಇಂಟರ್‌ನೆಟ್‌ಗೆ ತಗುಲಿದ ಎಕ್ಸ್‌ಪಿ ಯಂತ್ರದಲ್ಲಿ ಈ ಕೆಲಸ ಬೇಡ. ನೆಟ್‌ವರ್ಕ್ ಕಿತ್ತ ಹಳೆಯ ಪಿಸಿ ಆಗಬಹುದು. ಅದಕ್ಕಿಂತ ಒಳ್ಳೆಯದು, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದೊಳಗೆ ಹಾಕಿಕೊಂಡ ಎಕ್ಸ್‌ಪಿ. ಅಲ್ಲಿ ಒಂದು ಸ್ನ್ಯಾಪ್‌ಶಾಟ್ (ಯಂತ್ರದ ಆ ಕ್ಷಣದ ಸ್ಥಿತಿಯ ನಕಲು) ತೆಗೆದಿಟ್ಟರೆ ಏನು ಹಾಳಾದರೂ ಅರ್ಧ ನಿಮಿಷದಲ್ಲಿ ಹಿಂದಕ್ಕೆ ಬರಬಹುದು. ವರ್ಚುವಲ್ ಯಂತ್ರದಲ್ಲಿ ಬಣ್ಣದ ಆಳ 256 ಬಣ್ಣಕ್ಕೆ ನಿಂತಿದ್ದರೆ ಥೀಮ್ ಏಳುವುದೇ ಇಲ್ಲ, ಬೂದು ಕ್ಲಾಸಿಕ್ ನೋಟವೇ ಇರುತ್ತದೆ. ಡಿಸ್‌ಪ್ಲೇ ಪ್ರಾಪರ್ಟೀಸ್‌ನ ಸೆಟ್ಟಿಂಗ್ಸ್‌ನಲ್ಲಿ 32 ಬಿಟ್‌ಗೆ ಏರಿಸಿ. ಸರ್ವೀಸಸ್ ಪಟ್ಟಿಯಲ್ಲಿ ಥೀಮ್ಸ್ ಎಂಬ ಸೇವೆ ಓಡುತ್ತಿದೆಯೇ ಎಂದೂ ನೋಡಿಕೊಳ್ಳಿ. ಯಂತ್ರ ಹಗುರವಾಗಲಿ ಎಂದು ಯಾರಾದರೂ ಅದನ್ನು ನಿಲ್ಲಿಸಿಟ್ಟಿರುವುದುಂಟು.

ಸಹಿಯ ತೊಡಕು

ಎಕ್ಸ್‌ಪಿಯಲ್ಲಿ ಥೀಮ್ ಬಳಿಯುವ ಕೆಲಸ ಯುಎಕ್ಸ್‌ಥೀಮ್ ಡಾಟ್ ಡಿಎಲ್‌ಎಲ್ ಎಂಬ ಸಿಸ್ಟಮ್ ಕಡತದ್ದು (ಡಿಎಲ್‌ಎಲ್ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕಡತ). ಅದು ಎಂಎಸ್‌ಸ್ಟೈಲ್ಸ್ ಕಡತ ತೆರೆಯುವಾಗ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇದೆಯೇ ಎಂದು ನೋಡುತ್ತದೆ. ಒಂದೇ ಒಂದು ಪಿಕ್ಸೆಲ್ ಬದಲಿಸಿದರೂ ಸಹಿ ಹೊಂದುವುದಿಲ್ಲ, ಥೀಮ್ ತಿರಸ್ಕೃತ. ಇದನ್ನು ದಾಟಲು ದಾರಿಗಳು ಹಲವು.

ಸಹಿ ಇರುವ ಬೇರೆ ಥೀಮ್‌ಗಳನ್ನೇ ಹಾಕಿಕೊಳ್ಳುವುದು ಮೊದಲನೆಯದು. ಮೀಡಿಯಾ ಸೆಂಟರ್ ಆವೃತ್ತಿಯೊಂದಿಗೆ ಬಂದ ರಾಯಲ್, 2006ರಲ್ಲಿ ಬಂದ ಕಪ್ಪು ಕಿತ್ತಳೆ ಬಣ್ಣದ ಝೂನ್, ಎರಡೂ ಮೈಕ್ರೋಸಾಫ್ಟ್‌ನವೇ. ಯಾವ ತೇಪೆಯೂ ಬೇಡ. ನೀಲಿ ಬೇಸರವಾಗಿದೆ ಅನ್ನುವಷ್ಟೇ ತಕರಾರಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ಸ್ವಂತ ಅಂಚು ಬೇಕೆಂದರೆ ಯುಎಕ್ಸ್‌ಸ್ಟೈಲ್ ಇದೆ. ಇದು ಸಣ್ಣ ಸೇವೆಯಾಗಿ ಓಡುತ್ತಾ ಸಹಿ ತಪಾಸಣೆಯನ್ನು ಮೆಮೊರಿಯಲ್ಲೇ ತಪ್ಪಿಸುತ್ತದೆ, ಡಿಸ್ಕಿನ ಮೇಲಿನ ಸಿಸ್ಟಮ್ ಕಡತ ಹಾಗೇ ಉಳಿಯುತ್ತದೆ. ತೆಗೆದುಹಾಕಿದರೆ ಕಥೆ ಮುಗಿಯಿತು. ಹೊಸಬರಿಗೆ ಇದೇ ಸರಿ.

ಇನ್ನೊಂದು ಹಳೆಯ ರೂಢಿ, ಯುಎಕ್ಸ್‌ಥೀಮ್ ಮಲ್ಟಿಪ್ಯಾಚರ್‌ನಂಥವು. ಇವು ಯುಎಕ್ಸ್‌ಥೀಮ್ ಡಾಟ್ ಡಿಎಲ್‌ಎಲ್ ಕಡತವನ್ನೇ ತಿದ್ದುತ್ತವೆ. ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಪ್ಯಾಚರ್ ನಿಮ್ಮ ಸರ್ವೀಸ್ ಪ್ಯಾಕ್‌ಗೆ (ಎಸ್‌ಪಿ, ಅಂದರೆ ಮೈಕ್ರೋಸಾಫ್ಟ್ ಕೊಟ್ಟ ತಿದ್ದುಪಡಿಗಳ ಕಟ್ಟಿಗೆ) ಹೊಂದಬೇಕು. ಎಸ್‌ಪಿ2ರಲ್ಲಿ ಈ ಡಿಎಲ್‌ಎಲ್‌ನ ಆವೃತ್ತಿ 6.00.2900.2180, ಎಸ್‌ಪಿ3ರಲ್ಲಿ 6.00.2900.5512. ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ನೋಡಿ. ಎರಡು, ವಿಂಡೋಸ್ ಫೈಲ್ ಪ್ರೊಟೆಕ್ಷನ್. ವಿಂಡೋಸ್‌ನ ಮುಖ್ಯ ಕಡತಗಳಿರುವ ಸಿಸ್ಟಮ್32 ಫೋಲ್ಡರ್‌ನ ಕಡತ ಬದಲಾದದ್ದು ಗೊತ್ತಾದ ಕೂಡಲೇ ಅದು ಡಿಎಲ್‌ಎಲ್‌ಕ್ಯಾಶ್ ಎಂಬ ಅಡಗಿಸಿಟ್ಟ ಫೋಲ್ಡರ್‌ನಿಂದ ಮೂಲ ಪ್ರತಿಯನ್ನು ಎತ್ತಿ ಮತ್ತೆ ಹಾಕುತ್ತದೆ. ಅದಕ್ಕೇ ಪ್ಯಾಚರ್ ಎರಡೂ ಕಡೆ ತಿದ್ದುತ್ತದೆ. ನಡುವೆ ‘ವಿಂಡೋಸ್ ಸಿಡಿ ಹಾಕಿ’ ಎಂಬ ಎಚ್ಚರಿಕೆ ಬಂದರೆ ಕ್ಯಾನ್ಸಲ್ ಒತ್ತಬೇಕು. ಸಿಡಿ ಹಾಕಿದರೆ ಮೂಲ ಕಡತ ವಾಪಸ್ ಬಂದು ಮಾಡಿದ್ದೆಲ್ಲ ನೀರುಪಾಲು. ಎಸ್‌ಪಿ2ರ ಮೇಲೆ ಪ್ಯಾಚ್ ಮಾಡಿ ಆಮೇಲೆ ಎಸ್‌ಪಿ3 ಹಾಕಿದವರಿಗೆ ಥೀಮ್ ಮಾಯವಾಗಿದ್ದೂ ಇದೇ ಕಾರಣಕ್ಕೆ: ಹೊಸ ಸರ್ವೀಸ್ ಪ್ಯಾಕ್ ಹೊಸ ಡಿಎಲ್‌ಎಲ್ ತರುತ್ತದೆ.

ಇಂಥ ಹಳೆಯ ಪ್ಯಾಚರ್‌ಗಳು ಇಂದು ಕಂಡಕಂಡ ಡೌನ್‌ಲೋಡ್ ತಾಣಗಳಲ್ಲಿ ಬಿದ್ದಿವೆ, ಜೊತೆಗೆ ಏನು ಅಂಟಿಕೊಂಡಿದೆಯೋ ಹೇಳಲಾಗದು. ನೆಟ್‌ವರ್ಕ್ ಇಲ್ಲದ ವರ್ಚುವಲ್ ಯಂತ್ರ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ಅಳತೆ

ಡಿಸ್‌ಪ್ಲೇ ಪ್ರಾಪರ್ಟೀಸ್ ತೆರೆದು ಅಪಿಯರೆನ್ಸ್, ಅಲ್ಲಿಂದ ಅಡ್ವಾನ್ಸ್ಡ್‌ಗೆ ಹೋಗಿ. ‘ಆಕ್ಟಿವ್ ಟೈಟಲ್ ಬಾರ್’ ಆರಿಸಿದರೆ ಲೂನಾದಲ್ಲಿ ಅಳತೆ 25 ಎಂದಿರುತ್ತದೆ. ‘ಆಕ್ಟಿವ್ ವಿಂಡೋ ಬಾರ್ಡರ್’ ಆರಿಸಿದರೆ 1. ಆದರೆ ಪರದೆಯ ಮೇಲೆ ಪಿಕ್ಸೆಲ್ ಎಣಿಸಿದರೆ ಪಕ್ಕದ ಅಂಚು 4 ಪಿಕ್ಸೆಲ್, ಮೇಲಿನ ಪಟ್ಟಿ 30. ಎಲ್ಲಿಂದ ಬಂತು?

ಲೆಕ್ಕ ಹೀಗೆ. ಹಿಡಿದೆಳೆದು ಹಿಗ್ಗಿಸಬಹುದಾದ ವಿಂಡೋದ ಪಕ್ಕದ ಅಂಚು ಎಂದರೆ ನೀವು ಕೊಟ್ಟ ಅಂಕಿಗೆ 3 ಕೂಡಿಸಿದ್ದು. ಮೇಲಿನ ಪಟ್ಟಿ ಎಂದರೆ ಟೈಟಲ್ ಬಾರ್ ಅಂಕಿ, ಅದಕ್ಕೆ 1, ಅದರ ಮೇಲೆ ಅಂಚಿನ ದಪ್ಪ. ಲೂನಾದಲ್ಲಿ 25 ಮತ್ತು 1 ಮತ್ತು 4, ಒಟ್ಟು 30. ಮರದ ಬಣ್ಣದ ದಪ್ಪ ಚೌಕಟ್ಟು ಬೇಕು, ಪಕ್ಕಕ್ಕೆ 6 ಪಿಕ್ಸೆಲ್ ಇರಲಿ ಎಂದುಕೊಳ್ಳಿ. ಬಾರ್ಡರ್‌ಗೆ 3 ಕೊಡಬೇಕು. ಟೈಟಲ್ ಬಾರ್‌ಗೆ 28 ಕೊಟ್ಟರೆ ಮೇಲಿನ ಪಟ್ಟಿ 28, 1, 6 ಸೇರಿ 35. ಇಷ್ಟು ಕಾಗದದ ಮೇಲೆ ಬರೆದುಕೊಳ್ಳದೆ ಬಣ್ಣ ಹಚ್ಚಲು ಕೂತರೆ ನೀವು 40 ಪಿಕ್ಸೆಲ್ ಎತ್ತರಕ್ಕೆ ಬರೆದ ಚಿತ್ರವನ್ನು ವಿಂಡೋಸ್ 30ಕ್ಕೆ ಹಿಸುಕಿ ತೋರಿಸುತ್ತದೆ. ಮೇಲಂಚಿನ ಒಂದೆಳೆ ಹೊಳಪು ಗೆರೆ ಕಲೆಸಿಹೋಗುತ್ತದೆ.

ಬಾರ್ಡರ್‌ಗೆ 0 ಕೊಟ್ಟರೂ 3 ಪಿಕ್ಸೆಲ್ ಉಳಿಯುತ್ತದೆ. ಅದಕ್ಕೂ ತೆಳ್ಳಗೆ ಆಗದು. ಆಗಿದ್ದರೂ ಮೌಸ್‌ಗೆ ಹಿಡಿಯಲು ಸಿಗುತ್ತಿರಲಿಲ್ಲ.

ಅಡ್ವಾನ್ಸ್ಡ್‌ನಲ್ಲಿ ಬದಲಿಸಿದ ಅಂಕಿಗಳು ಪರೀಕ್ಷೆಗೆ ಮಾತ್ರ. ಥೀಮನ್ನು ಮತ್ತೊಮ್ಮೆ ಆರಿಸಿದರೆ ಕಡತದೊಳಗಿನ ಅಂಕಿಗಳೇ ಮರಳುತ್ತವೆ.

ಪ್ರತಿ ಮಾಡಿಕೊಳ್ಳುವುದು

ಸಿ:\ವಿಂಡೋಸ್\ರಿಸೋರ್ಸಸ್\ಥೀಮ್ಸ್ ಒಳಗೆ ಲೂನಾ ಫೋಲ್ಡರ್ ಇದೆ. ಅದನ್ನು ಇಡಿಯಾಗಿ ನಕಲಿಸಿ ಅಲ್ಲೇ ಹೊಸ ಹೆಸರಿಡಿ, ಉದಾಹರಣೆಗೆ ಅಂಚು. ಒಳಗಿನ ಲೂನಾ ಡಾಟ್ ಎಂಎಸ್‌ಸ್ಟೈಲ್ಸ್‌ಗೂ ಅಂಚು ಡಾಟ್ ಎಂಎಸ್‌ಸ್ಟೈಲ್ಸ್ ಎಂದೇ ಹೆಸರು ಬದಲಿಸಿ. ಫೋಲ್ಡರ್ ಹೆಸರು, ಕಡತದ ಹೆಸರು ಒಂದೇ ಆಗಿರಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ‘ಹಾಕಿದೆ, ಬರುತ್ತಿಲ್ಲ’ ಎಂಬ ದೂರುಗಳಲ್ಲಿ ಅರ್ಧ ಇದರಿಂದಲೇ.

ಒಳಗಿರುವ ಶೆಲ್ ಎಂಬ ಫೋಲ್ಡರನ್ನು ಕಸವೆಂದು ಅಳಿಸಬೇಡಿ. ಎಕ್ಸ್‌ಪ್ಲೋರರ್ ವಿಂಡೋದ ಎಡಬದಿಯ ಪಟ್ಟಿಯ ರೂಪ ಬರುವುದು ಅದರೊಳಗಿನ ಶೆಲ್‌ಸ್ಟೈಲ್ ಡಾಟ್ ಡಿಎಲ್‌ಎಲ್‌ನಿಂದ.

ಮೂಲ ಲೂನಾವನ್ನು ಮುಟ್ಟಲೇಬೇಡಿ. ಕೆಟ್ಟಾಗ ಓಡಿಬರಲು ಒಂದು ಮನೆ ಇರಲಿ.

ಚಿತ್ರ ಹೊರತೆಗೆದು ಬರೆಯುವುದು

ಎಂಎಸ್‌ಸ್ಟೈಲ್ಸ್ ಎಂದರೆ ವೇಷ ಬದಲಿಸಿದ ಡಿಎಲ್‌ಎಲ್: ಪ್ರೋಗ್ರಾಂ ಕೋಡ್ ಇಲ್ಲ, ರಿಸೋರ್ಸ್‌ಗಳು, ಅಂದರೆ ಚಿತ್ರ, ಪಠ್ಯಗಳು ಮಾತ್ರ. ಹಾಗಾಗಿ ಉಚಿತವಾಗಿ ಸಿಗುವ ರಿಸೋರ್ಸ್ ಹ್ಯಾಕರ್ ಸಾಕು. ಟಿಜಿಟಿ ಸಾಫ್ಟ್‌ನ ಸ್ಟೈಲ್‌ಬಿಲ್ಡರ್ ಎಂಬ ದುಡ್ಡಿನ ತಂತ್ರಾಂಶವೂ ಇತ್ತು. ಕಣ್ಣಿಗೆ ಕಾಣುವಂತೆ ತಿದ್ದಲು ಅದು ಸಲೀಸು, ಆದರೆ ಒಳಗೇನಿದೆ ಎಂದು ಅರಿಯಲು ರಿಸೋರ್ಸ್ ಹ್ಯಾಕರ್ ವಾಸಿ.

ಕಡತ ತೆರೆದು ಬಿಟ್‌ಮ್ಯಾಪ್ ಕೊಂಬೆ ಬಿಡಿಸಿ. ನೀಲಿ ರೂಪದ ಚಿತ್ರಗಳು ಬ್ಲೂ ಎಂದು ಶುರುವಾಗುತ್ತವೆ. ಆಲಿವ್ ಹಸಿರಿನವು ಹೋಮ್‌ಸ್ಟೆಡ್, ಬೆಳ್ಳಿಯವು ಮೆಟಾಲಿಕ್. ಮೊದಲ ಸಲ ನೀಲಿ ಕಟ್ಟನ್ನಷ್ಟೇ ತಿದ್ದಿ. ಬೇಕಾದವು ಬ್ಲೂ_ಫ್ರೇಮ್‌ಕ್ಯಾಪ್ಷನ್_ಬಿಎಂಪಿ, ಹಾಗೆಯೇ ಫ್ರೇಮ್‌ಲೆಫ್ಟ್, ಫ್ರೇಮ್‌ರೈಟ್, ಫ್ರೇಮ್‌ಬಾಟಮ್. ಆಕ್ಷನ್ ಮೆನುವಿನಿಂದ ಒಂದೊಂದನ್ನೂ ಉಳಿಸಿಕೊಳ್ಳಿ.

ಕ್ಯಾಪ್ಷನ್ ಚಿತ್ರ ತೆರೆದರೆ ಒಂದರ ಕೆಳಗೊಂದು ಎರಡು ಪಟ್ಟಿ ಕಾಣುತ್ತವೆ. ಮೇಲಿನದು ಕೆಲಸದಲ್ಲಿರುವ ವಿಂಡೋಗೆ, ಕೆಳಗಿನದು ಹಿಂದೆ ಸರಿದ ವಿಂಡೋಗೆ. ನಮ್ಮ 35 ಪಿಕ್ಸೆಲ್ ಲೆಕ್ಕಕ್ಕೆ ಚಿತ್ರದ ಒಟ್ಟು ಎತ್ತರ 70 ಆಗಬೇಕು. 71 ಆದರೆ ಅರ್ಧ ಮಾಡುವಾಗ ಗೆರೆ ತಪ್ಪಿ, ಒಂದು ಸ್ಥಿತಿಯ ಅಂಚು ಇನ್ನೊಂದರಲ್ಲಿ ಇಣುಕುತ್ತದೆ.

ವಿಂಡೋ ಹಿಗ್ಗಿದಾಗ ಈ ಚಿತ್ರ ಹಿಗ್ಗುವ ರೀತಿ ತಿಳಿದಿರಬೇಕು. ಸೀರೆಯ ಅಂಚನ್ನು ಎಷ್ಟು ಮೊಳ ಬೇಕಾದರೂ ನೇಯಬಹುದು, ಸೆರಗು ಮಾತ್ರ ಅಳತೆ ಮೀರುವುದಿಲ್ಲ. ಇಲ್ಲೂ ಮೂಲೆಗಳು ಸೆರಗಿನಂತೆ, ಹಿಗ್ಗುವುದಿಲ್ಲ. ನಡುವಿನ ಭಾಗವಷ್ಟೇ ಹಿಗ್ಗುತ್ತದೆ, ಇಲ್ಲವೇ ಮತ್ತೆ ಮತ್ತೆ ಬರುತ್ತದೆ. ಮೂಲೆ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಸೈಜಿಂಗ್‌ಮಾರ್ಜಿನ್ಸ್ ಎಂಬ ಸಾಲು. ಅದರ ಮಾತು ಮುಂದೆ. ಈಗ ಇಷ್ಟು ನೆನಪಿಡಿ: ಹೂವು, ಲಾಂಛನ, ತಿರುವು ಏನೇ ಇದ್ದರೂ ಮೂಲೆಯ ಭಾಗದಲ್ಲೇ ಬರೆಯಬೇಕು. ನಡುವೆ ಇಟ್ಟ ಹೂವು ವಿಂಡೋ ಅಗಲವಾದಂತೆ ರಬ್ಬರಿನಂತೆ ಎಳೆದುಕೊಳ್ಳುತ್ತದೆ.

ದುಂಡು ಮೂಲೆಯ ಹೊರಭಾಗಕ್ಕೆ ಮಜೆಂಟಾ ತುಂಬಬೇಕು: ಕೆಂಪು 255, ಹಸಿರು 0, ನೀಲಿ 255. ಈ ಬಣ್ಣವಿದ್ದ ಕಡೆ ವಿಂಡೋ ಕತ್ತರಿಸಿಹೋಗುತ್ತದೆ. ಎಕ್ಸ್‌ಪಿಯ ಅಂಚಿನಲ್ಲಿ ಅರೆಪಾರದರ್ಶಕ ಎಂಬುದಿಲ್ಲ, ಒಂದು ಪಿಕ್ಸೆಲ್ ಇದೆ ಅಥವಾ ಇಲ್ಲ. ಹಾಗಾಗಿ ನಯವಾದ ಬ್ರಷ್ ಬಳಸಿದರೆ ಅಂಚಿನ ಪಿಕ್ಸೆಲ್‌ಗಳು ಮಜೆಂಟಾದೊಂದಿಗೆ ಬೆರೆತು, ಪರದೆಯ ಮೇಲೆ ಗುಲಾಬಿ ಕಲೆಯಾಗಿ ಉಳಿಯುತ್ತವೆ. 254, 0, 255 ಕೂಡ ಮಜೆಂಟಾ ಅಲ್ಲ! ಪೆನ್ಸಿಲ್ ಉಪಕರಣದಲ್ಲಿ, 800 ಪ್ರತಿಶತ ಹಿಗ್ಗಿಸಿಕೊಂಡು, ಕೈಯಿಂದ ಮೆಟ್ಟಿಲು ಮಾಡಿ. ಮೊದಲ ಸಾಲಿನಲ್ಲಿ 5 ಪಿಕ್ಸೆಲ್ ಮಜೆಂಟಾ, ಎರಡನೆಯದರಲ್ಲಿ 3, ಆಮೇಲೆ 2, 1, 1. ಕಣ್ಣಿಗೆ ಇದು ದುಂಡಾಗಿಯೇ ಕಾಣುತ್ತದೆ. ನಡುವೆ ಒಮ್ಮೆಯೂ ಜೆಪೆಗ್ ಆಗಿ ಉಳಿಸಬೇಡಿ, ಅದರ ಸಂಕೋಚನ ಮಜೆಂಟಾವನ್ನು ಕೆಡಿಸುತ್ತದೆ.

ಉಳಿಸುವಾಗ ಮೂಲ ಚಿತ್ರದ ಬಿಟ್ ಆಳವನ್ನೇ ಕಾಯ್ದುಕೊಳ್ಳಿ. 24 ಬಿಟ್ ಇದ್ದದ್ದು 24 ಆಗಿಯೇ, 32 ಬಿಟ್ ಇದ್ದದ್ದು 32 ಆಗಿಯೇ. ಎಕ್ಸ್‌ಪಿಯ ಪೇಂಟ್ 32 ಬಿಟ್‌ನ ಆಲ್ಫಾ ಪದರವನ್ನು (ಪಾರದರ್ಶಕತೆಯ ಮಾಹಿತಿಯನ್ನು) ನುಂಗಿಹಾಕುತ್ತದೆ. ಗಿಂಪ್ ಬಳಸುವುದಾದರೆ ಬಿಎಂಪಿ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ‘ಕಲರ್ ಸ್ಪೇಸ್ ಮಾಹಿತಿ ಬರೆಯಬೇಡ’ ಎಂಬ ಅರ್ಥದ ಆಯ್ಕೆಗೆ ಗುರುತು ಹಾಕಲೇಬೇಕು. ಹಾಕದಿದ್ದರೆ ಕಡತದ ತಲೆಬರಹ ಉದ್ದವಾಗಿ, ಹಳೆಯ ಉಪಕರಣಗಳು ಓದಲು ತಡವರಿಸುತ್ತವೆ.

ಮ್ಯಾಕ್ಸಿಮೈಸ್ ಮಾಡಿದ ವಿಂಡೋಗೆ, ಸಣ್ಣ ಟೂಲ್‌ಬಾಕ್ಸ್ ವಿಂಡೋಗಳಿಗೆ ಬೇರೆಯೇ ವಿಭಾಗಗಳಿವೆ: ಮ್ಯಾಕ್ಸ್‌ಕ್ಯಾಪ್ಷನ್ ಮತ್ತು ಸ್ಮಾಲ್‌ಕ್ಯಾಪ್ಷನ್. ಇವುಗಳ ಚಿತ್ರ ಮರೆತರೆ ವಿಂಡೋ ದೊಡ್ಡದಾದ ತಕ್ಷಣ ಹಳೆಯ ನೀಲಿ ಹಾಜರು.

ಗುಂಡಿಗಳು. ಲೂನಾದಲ್ಲಿ ಅವು 21 ಪಿಕ್ಸೆಲ್ ಚೌಕ. ಹಿನ್ನೆಲೆ ಒಂದು ಚಿತ್ರ, ಅದರ ಮೇಲಿನ ಎಕ್ಸ್ ಆಕಾರದಂಥ ಗುರುತು ಗ್ಲಿಫ್ ಎಂಬ ಇನ್ನೊಂದು ಚಿತ್ರ. ಹಿನ್ನೆಲೆ ಮಾತ್ರ ಬದಲಿಸಿ ‘ಹಳೆಯ ಗುರುತು ಹೋಗಲಿಲ್ಲ’ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಸಾಮಾನ್ಯ, ಮೌಸ್ ಮೇಲಿದ್ದಾಗ, ಒತ್ತಿದಾಗ, ನಿಷ್ಕ್ರಿಯ ಎಂಬ ಕ್ರಮದಲ್ಲಿ ಸ್ಥಿತಿಗಳು ಸಾಲಾಗಿರುತ್ತವೆ. ಕ್ರಮ ಬದಲಾಯಿಸಬೇಡಿ.

ಒಳಗೆ ಹಾಕುವುದು

1. ಅಪಿಯರೆನ್ಸ್‌ನಲ್ಲಿ ಮೂಲ ಎಕ್ಸ್‌ಪಿ ಶೈಲಿಗೆ ಬನ್ನಿ. ನಿಮ್ಮ ಥೀಮ್ ಬಳಕೆಯಲ್ಲಿದ್ದರೆ ಕಡತ ಬೀಗ ಬಿದ್ದಂತೆ, ಉಳಿಸಲಾಗದು.
2. ರಿಸೋರ್ಸ್ ಹ್ಯಾಕರ್‌ನಲ್ಲಿ ಅಂಚು ಡಾಟ್ ಎಂಎಸ್‌ಸ್ಟೈಲ್ಸ್ ತೆರೆದು, ಆಕ್ಷನ್ ಮೆನುವಿನ ರಿಪ್ಲೇಸ್ ಬಿಟ್‌ಮ್ಯಾಪ್ ಒತ್ತಿ.
3. ಪಟ್ಟಿಯಲ್ಲಿ ಸರಿಯಾದ ಹೆಸರನ್ನು ಆರಿಸಿ, ಹೊಸ ಬಿಎಂಪಿ ತೋರಿಸಿ, ರಿಪ್ಲೇಸ್ ಮಾಡಿ.
4. ಸೇವ್ ಮಾಡಿ. ಹಳೆಯ ಪ್ರತಿ ‘_ಒರಿಜಿನಲ್’ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿಯುತ್ತದೆ.
5. ಎಂಎಸ್‌ಸ್ಟೈಲ್ಸ್ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅಪಿಯರೆನ್ಸ್ ತೆರೆದುಕೊಳ್ಳುತ್ತದೆ, ಅಪ್ಲೈ ಒತ್ತಿ.

ಪಟ್ಟಿಯಿಂದ ಆರಿಸದೆ ಕಡತವನ್ನೇ ಕ್ಲಿಕ್ ಮಾಡಿ ಎಂದದ್ದಕ್ಕೆ ಕಾರಣವಿದೆ: ನಕಲಿಸಿದ ಥೀಮ್‌ನ ಒಳಗಿನ ಹೆಸರು ಬದಲಾಗಿಲ್ಲ, ಪಟ್ಟಿಯಲ್ಲಿ ಒಂದೇ ಹೆಸರಿನ ಅವಳಿಗಳು ಕಾಣುತ್ತವೆ. ಮತ್ತೆ ತಿದ್ದಿದಾಗಲೆಲ್ಲ ಮೂಲ ಶೈಲಿಗೆ ಹೋಗಿ ವಾಪಸ್ ಬರಬೇಕು, ಒಮ್ಮೆ ಮೆಮೊರಿಗೆ ಬಂದ ಥೀಮ್ ತಾನಾಗಿ ಹೊಸದಾಗುವುದಿಲ್ಲ. ಮೊದಲ ಸಲ ಒಂದೇ ಚಿತ್ರ ಬದಲಿಸಿ ನೋಡಿ. ಇಪ್ಪತ್ತು ಚಿತ್ರ ಒಟ್ಟಿಗೆ ಹಾಕಿದರೆ ಕೆಡಿಸಿದ್ದು ಯಾವುದೆಂದು ಹುಡುಕುವುದೇ ಕೆಲಸವಾಗುತ್ತದೆ.

ಇನಿ ಪಠ್ಯ

ಇನಿ ಎಂದರೆ ಅಳತೆ, ಬಣ್ಣಗಳನ್ನು ಸಾಲುಸಾಲಾಗಿ ಬರೆದಿಟ್ಟ ಪಠ್ಯ. ಅಳತೆಗಳಿರುವುದು ಟೆಕ್ಸ್ಟ್‌ಫೈಲ್ ಕೊಂಬೆಯ ನಾರ್ಮಲ್‌ಬ್ಲೂ_ಇನಿಯಲ್ಲಿ. ಹಳೆಯ ರಿಸೋರ್ಸ್ ಹ್ಯಾಕರ್ ಇದನ್ನು ಹೆಕ್ಸ್ ಅಂಕಿಗಳಾಗಿ ತೋರಿಸುತ್ತದೆ. ಗಾಬರಿ ಬೇಡ, ಬೈನರಿ ರಿಸೋರ್ಸ್ ಆಗಿ ಹೊರಗೆ ಉಳಿಸಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮತ್ತೆ ಉಳಿಸುವಾಗ ಎನ್‌ಕೋಡಿಂಗ್ ಯುನಿಕೋಡ್ ಆಗಿಯೇ ಇರಲಿ. ಆನ್ಸಿ ಎಂಬ ಹಳೆಯ ವಿಧಾನಕ್ಕೆ ಬದಲಾದರೆ ಥೀಮ್ ಏಳುವುದಿಲ್ಲ. ವಾಪಸ್ ಹಾಕುವಾಗ ‘ರಿಪ್ಲೇಸ್ ಅದರ್ ರಿಸೋರ್ಸ್’ ಆರಿಸಿ, ಬಗೆ, ಹೆಸರು, ಭಾಷೆಯ ಸಂಖ್ಯೆ ಮೂರನ್ನೂ ಮೂಲದಲ್ಲಿದ್ದಂತೆಯೇ ಕೊಡಿ. ಇಂಗ್ಲಿಷ್ ಎಕ್ಸ್‌ಪಿಯಲ್ಲಿ ಭಾಷೆ 1033.

ಪಠ್ಯದಲ್ಲಿ ವಿಂಡೋ ಡಾಟ್ ಕ್ಯಾಪ್ಷನ್ ಎಂಬ ವಿಭಾಗ ಹುಡುಕಿ. ಸೈಜಿಂಗ್‌ಮಾರ್ಜಿನ್ಸ್‌ನ ನಾಲ್ಕು ಅಂಕಿಗಳ ಕ್ರಮ ಎಡ, ಬಲ, ಮೇಲೆ, ಕೆಳಗೆ. ವೆಬ್ ಪುಟ ಬರೆಯುವವರು ಅಭ್ಯಾಸಬಲದಿಂದ ಗಡಿಯಾರದ ಸುತ್ತಿನಂತೆ ಬರೆದು ಎಡವುತ್ತಾರೆ. ಎಡ ಬಲ ಕೂಡಿದರೆ ಚಿತ್ರದ ಅಗಲಕ್ಕಿಂತ ಕಡಿಮೆ ಇರಬೇಕು, ಮೇಲೆ ಕೆಳಗೆ ಕೂಡಿದರೆ ಒಂದು ಪಟ್ಟಿಯ ಎತ್ತರ ದಾಟಬಾರದು. ಎತ್ತರವೆಂದರೆ 70 ಅಲ್ಲ, 35. ಸೈಜಿಂಗ್‌ಟೈಪ್ ಸಾಲಿನಲ್ಲಿ ಮೇಲಿಂದ ಕೆಳಗಿನ ಬಣ್ಣದಿಳಿಜಾರಿಗೆ ಸ್ಟ್ರೆಚ್, ಮರದ ಎಳೆ, ನೇಯ್ಗೆ ಮುಂತಾದ ಪುನರಾವರ್ತನೆಗೆ ಟೈಲ್. ಟೈಲ್‌ಗೆ ಚಿತ್ರದ ಎಡ ಬಲ ಅಂಚುಗಳು ಒಂದಕ್ಕೊಂದು ಕೂಡಬೇಕು, ಇಲ್ಲದಿದ್ದರೆ ಪಟ್ಟಿಯುದ್ದಕ್ಕೂ ಹೊಲಿಗೆ ಕಾಣುತ್ತದೆ.

ಸಿಸ್‌ಮೆಟ್ರಿಕ್ಸ್ ವಿಭಾಗದಲ್ಲಿ ಕ್ಯಾಪ್ಷನ್‌ಬಾರ್‌ಹೈಟ್, ಸೈಜಿಂಗ್‌ಬಾರ್ಡರ್‌ವಿಡ್ತ್ ಇವೆ. ಮೇಲಿನ ಲೆಕ್ಕದ 28 ಮತ್ತು 3 ಇಲ್ಲಿಗೆ. ಕ್ಯಾಪ್ಷನ್‌ಟೆಕ್ಸ್ಟ್ ಎಂದರೆ ಶೀರ್ಷಿಕೆಯ ಬಣ್ಣ, ಲೂನಾದಲ್ಲಿ ಬಿಳಿ. ಹಿಂದೆ ಸರಿದ ವಿಂಡೋದ ಶೀರ್ಷಿಕೆ 216 228 248, ಅಂದರೆ ತಿಳಿನೀಲಿ ಬಿಳುಪು. ತಿಳಿ ಬಣ್ಣದ ಅಂಚು ಬರೆದವರು ಇವೆರಡನ್ನೂ ಬದಲಿಸದಿದ್ದರೆ ಶೀರ್ಷಿಕೆ ಓದಲಾಗದು. ‘ಲಾರ್ಜ್ ಫಾಂಟ್ಸ್’ ಆರಿಸುವವರಿಗೆ ಬೇರೆ ಇನಿ ಪಠ್ಯವೇ ಇದೆ, ಅಲ್ಲೂ ತಿದ್ದಬೇಕು.

ಕನ್ನಡ ಶೀರ್ಷಿಕೆ ಇದ್ದರೆ

ಕಡತ, ಫೋಲ್ಡರ್‌ಗಳಿಗೆ ಕನ್ನಡದ ಹೆಸರಿಡುವವರು ಎತ್ತರದ ವಿಷಯದಲ್ಲಿ ಜಿಪುಣತನ ಮಾಡುವಂತಿಲ್ಲ. ಹೊರದೇಶದ ಥೀಮ್‌ಗಳಲ್ಲಿ 18, 20ರ ತೆಳು ಟೈಟಲ್ ಬಾರ್ ಸಾಮಾನ್ಯ. ಇಂಗ್ಲಿಷಿಗೆ ಸಾಕು, ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಮೊದಲು ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನ ಲ್ಯಾಂಗ್ವೇಜಸ್ ಹಾಳೆಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಬೆಂಬಲ ಹಾಕಿಕೊಳ್ಳಿ. ಇದಕ್ಕೆ ಎಕ್ಸ್‌ಪಿ ಸಿಡಿ ಕೇಳುತ್ತದೆ. ಎಕ್ಸ್‌ಪಿಯ ಕನ್ನಡ ಅಕ್ಷರ ತುಂಗಾ. ಆಮೇಲೆ ‘ರಾಷ್ಟ್ರೀಯ ಸ್ವಾತಂತ್ರ್ಯ’ ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿ ತೆರೆಯಿರಿ. ಎರಡೆರಡು ಒತ್ತುಗಳ ಈ ಪದಗಳು ಕೆಳಗೆ ಕತ್ತರಿಸದೆ ಕಂಡರೆ ನಿಮ್ಮ ಎತ್ತರ ಸರಿ. ಕತ್ತರಿಸಿದರೆ ಎರಡೆರಡು ಪಿಕ್ಸೆಲ್ ಏರಿಸುತ್ತಾ ಹೋಗಿ, ಚಿತ್ರದ ಎತ್ತರವನ್ನೂ ಜೊತೆಗೇ ಬೆಳೆಸಿ. ಅಕ್ಷರದ ನೆರಳೂ ಕನ್ನಡಕ್ಕೆ ಹೊಂದದು, ಸುರುಳಿಗಳ ಒಳಜಾಗ ಕಪ್ಪಾಗಿ ತುಂಬುತ್ತದೆ. ಕ್ಯಾಪ್ಷನ್ ವಿಭಾಗದ ಟೆಕ್ಸ್ಟ್‌ಶ್ಯಾಡೋಟೈಪ್‌ಗೆ ನನ್ ಎಂದು ಕೊಡಿ.

ನುಡಿ, ಬರಹಗಳ ಹಳೆಯ ಆಸ್ಕಿ ವಿಧಾನದಲ್ಲಿ ಹೆಸರಿಟ್ಟ ಕಡತಗಳು ಟೈಟಲ್ ಬಾರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಶೀರ್ಷಿಕೆಯ ಫಾಂಟನ್ನೇ ನುಡಿ ಮಾಡಿದರೆ ಅವು ಸರಿಹೋಗುತ್ತವೆ, ಉಳಿದ ಇಂಗ್ಲಿಷ್ ಶೀರ್ಷಿಕೆಗಳೆಲ್ಲ ಕೆಡುತ್ತವೆ. ಹೆಸರನ್ನು ಯುನಿಕೋಡ್‌ಗೆ ತರುವುದೇ ದಾರಿ.

ವಿಂಡೋಬ್ಲೈಂಡ್ಸ್ ಆದರೆ

ಸ್ಟಾರ್‌ಡಾಕ್ ಕಂಪನಿಯ ವಿಂಡೋಬ್ಲೈಂಡ್ಸ್ ಎಂಬ ತಂತ್ರಾಂಶ ಈ ಸಹಿಯ ಗೋಜಿಗೇ ಹೋಗುವುದಿಲ್ಲ. ಓಡುವ ಪ್ರತಿ ಪ್ರೋಗ್ರಾಂನೊಳಗೂ ತಾನು ಹೊಕ್ಕು ಅಂಚನ್ನು ತಾನೇ ಬಳಿಯುತ್ತದೆ. ಒಂದೊಂದು ಪ್ರೋಗ್ರಾಂಗೂ ಬೇರೆ ಬೇರೆ ಅಂಚು ಕೊಡಬಹುದು. 2005ರ 5ನೇ ಆವೃತ್ತಿಯಿಂದ ಅರೆಪಾರದರ್ಶಕ ಅಂಚೂ ಸಾಧ್ಯವಾಯಿತು, ಮೇಲೆ ಹೇಳಿದ ಮೆಟ್ಟಿಲು ಮೂಲೆಯ ಕಷ್ಟ ಅಲ್ಲಿಲ್ಲ. ಬೆಲೆ ತೆರುವುದು ಇನ್ನೊಂದು ಕಡೆ: ತನ್ನ ಅಂಚು ತಾನೇ ಬರೆದುಕೊಳ್ಳುವ ಪ್ರೋಗ್ರಾಂಗಳೊಂದಿಗೆ ಜಗಳ. ಯಾವುದಾದರೂ ಮಿಣುಕಿದರೆ, ಬಿದ್ದುಹೋದರೆ ಅದನ್ನು ಹೊರಗಿಡುವ ಪಟ್ಟಿಗೆ ಸೇರಿಸಿ. ಅದರ ಸ್ಕಿನ್ (ಅಂಚು, ಗುಂಡಿಗಳ ರೂಪ) ತಿದ್ದಲು ಅವರದೇ ಸ್ಕಿನ್‌ಸ್ಟುಡಿಯೋ ಇದೆ. ಎಂಎಸ್‌ಸ್ಟೈಲ್ಸ್ ದಾರಿಯಲ್ಲಿ ಒಂದೇ ಪ್ರೋಗ್ರಾಂ ತಂಟೆ ಮಾಡಿದರೆ ಅದರ ಎಕ್ಸಿ ಕಡತದ ಕಂಪ್ಯಾಟಿಬಿಲಿಟಿ ಹಾಳೆಯಲ್ಲಿ ವಿಷುವಲ್ ಥೀಮ್ಸ್ ನಿಲ್ಲಿಸುವ ಗುರುತು ಹಾಕಿದರಾಯಿತು.

ವಿಸ್ಟಾ, 7ಕ್ಕೆ ಎಂಎಸ್‌ಸ್ಟೈಲ್ಸ್‌ನ ಒಳರಚನೆಯೇ ಬೇರೆ. ಎಕ್ಸ್‌ಪಿಯ ಕಡತವನ್ನು ಅಲ್ಲಿ ಹಾಕಬೇಡಿ.

ಯಂತ್ರ ಏಳದಿದ್ದರೆ

ಥೀಮ್ ಕೆಟ್ಟರೆ ಭಯವಿಲ್ಲ, ಹೆಚ್ಚೆಂದರೆ ಕ್ಲಾಸಿಕ್ ನೋಟ ಬರುತ್ತದೆ. ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋದರೆ ಥೀಮ್ ಸೇವೆ ಓಡದ ಕಾರಣ ಅಲ್ಲಿಂದ ಎಲ್ಲ ಸರಿಪಡಿಸಬಹುದು. ಯುಎಕ್ಸ್‌ಥೀಮ್ ಡಿಎಲ್‌ಎಲ್ ಕೆಟ್ಟರೆ ಮಾತು ಬೇರೆ, ಲಾಗಿನ್ ಪರದೆಯವರೆಗೂ ಹೋಗದೆ ನಿಲ್ಲಬಹುದು. ಆಗ ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, ಆರ್ ಒತ್ತಿ ರಿಕವರಿ ಕನ್ಸೋಲ್‌ಗೆ (ಆಜ್ಞೆ ಟೈಪ್ ಮಾಡಿ ದುರಸ್ತಿ ಮಾಡುವ ಪರದೆಗೆ) ಬನ್ನಿ. ಸರ್ವೀಸ್ ಪ್ಯಾಕ್ ಆಮೇಲೆ ಹಾಕಿದ ಯಂತ್ರವಾದರೆ ಸಿ:\ವಿಂಡೋಸ್\ಸರ್ವೀಸ್‌ಪ್ಯಾಕ್‌ಫೈಲ್ಸ್\ಐ386 ಫೋಲ್ಡರ್‌ನಲ್ಲಿ ಆ ಪ್ಯಾಕ್‌ನ ಡಿಎಲ್‌ಎಲ್ ಇರುತ್ತದೆ. ಕಾಪಿ ಆಜ್ಞೆಯಿಂದ ಅದನ್ನು ಸಿಸ್ಟಮ್32ಕ್ಕೆ ತನ್ನಿ. ಅದಿಲ್ಲವಾದರೆ ಸಿಡಿಯ ಐ386ರಲ್ಲಿರುವ, ಕೊನೆಯ ಅಕ್ಷರದ ಬದಲು ಅಡಿಗೆರೆ ಇರುವ ಸಂಕುಚಿತ ಕಡತವನ್ನು ಎಕ್ಸ್‌ಪ್ಯಾಂಡ್ ಆಜ್ಞೆಯಿಂದ ಬಿಡಿಸಿ ಹಾಕಿ. ಸಿಡಿ ಮತ್ತು ಯಂತ್ರ ಒಂದೇ ಸರ್ವೀಸ್ ಪ್ಯಾಕ್‌ನವಾಗಿರಬೇಕು. ಎಕ್ಸಿಟ್ ಎಂದು ಟೈಪ್ ಮಾಡಿ ಮರುಬೂಟ್ ಮಾಡಿದರೆ ನೀಲಿ ಲೂನಾ ಮತ್ತೆ ಕಾಣುತ್ತದೆ.